ಮಾದರಿ ರೈಲು ಕಂಪನಿಗಳು ಹಳೆಯ ಎಂಜಿನ್‌ಗಳನ್ನೇ ದಶಕಗಳ ನಂತರ ಮತ್ತೆ ತರೋದು ಯಾಕೆ? ಯಾವುದನ್ನು ಅಂತ ಹೇಗೆ ಆರಿಸುತ್ತಾರೆ?

ಮುಖ್ಯವಾಗಿ ಇದು ಅಚ್ಚಿನ ಲೆಕ್ಕ. ಪ್ಲಾಸ್ಟಿಕ್ ಬಾಡಿ ತೆಗೆಯುವ ಉಕ್ಕಿನ ಅಚ್ಚು ಮಾಡಿಸೋದೇ ದೊಡ್ಡ ಖರ್ಚು. ಒಮ್ಮೆ ಮಾಡಿಸಿದರೆ ಅದು ವರ್ಷಗಟ್ಟಲೆ ಕೆಲಸ ಕೊಡುತ್ತದೆ. ಹಾಗಾಗಿ ಒಂದೇ ಅಚ್ಚಿನಿಂದ ಎಷ್ಟು ಬಣ್ಣ, ಎಷ್ಟು ನಂಬರ್ ಮಾರಬಹುದು ಅಂತ ಮೊದಲು ನೋಡುತ್ತಾರೆ. ಬ್ರಿಟನ್ನಿನ ಉಗಿ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ ನೋಡಿ. ತಿಳಿಹಸಿರಿನಲ್ಲಿ 4472, ಗಾಢ ಹಸಿರಿನಲ್ಲಿ 60103. ರೈಲಿನ ಗಂಧಗಾಳಿ ಇಲ್ಲದವರಿಗೂ ಆ ಹೆಸರು ಗೊತ್ತು. ಅಂಥದ್ದನ್ನು ಯಾರು ಬಿಡ್ತಾರೆ?

ಕಂಪನಿ ಮುಳುಗಿದರೂ ಅಚ್ಚು ಮುಳುಗಲ್ಲ, ಕೈ ಬದಲಾಯಿಸುತ್ತದೆ. 1938ರಲ್ಲಿ ಶುರುವಾದ ಹಾರ್ನ್‌ಬಿ ಡಬ್ಲೊ ಅನ್ನೋ ಮಾದರಿ ರೈಲು ಬ್ರ್ಯಾಂಡಿನ ಮಾಲೀಕ ಕಂಪನಿ ಮೆಕಾನೊವನ್ನು 1964ರಲ್ಲಿ ಪ್ರತಿಸ್ಪರ್ಧಿ ಬ್ರ್ಯಾಂಡ್ ಟ್ರೈ-ಆಂಗ್‌ನ ಮಾಲೀಕರು ಕೊಂಡರು. ಆಮೇಲೆ ಡಬ್ಲೊದ ಎಷ್ಟೋ ಅಚ್ಚುಗಳು ರೆನ್ ಕಂಪನಿಗೆ ಹೋದವು. ಅದೇ ಎಂಜಿನ್, ಬೇರೆ ಡಬ್ಬಿ!

ಮತ್ತೆ ತರುವಾಗ ಬಾಡಿ ಹಾಗೇ ಇಟ್ಟು ಒಳಗೆ ಹೊಸ ಮೋಟರ್, ಡಿಜಿಟಲ್ ಡಿಕೋಡರ್‌ಗೆ (ಹಳಿಯಿಂದ ಬರುವ ಡಿಜಿಟಲ್ ಆದೇಶ ಓದಿ ಎಂಜಿನ್ ಓಡಿಸುವ ಚಿಪ್) ಸಾಕೆಟ್ ಹಾಕೋದು ಸುಲಭದ ದಾರಿ. ಆದರೆ ಹಳೆಯ ಬಾಡಿ ತಕ್ಷಣ ಸಿಕ್ಕಿಬೀಳುತ್ತದೆ. ಬಾಯ್ಲರ್ ಪಕ್ಕದ ಕೈಹಿಡಿ ಕಂಬಿ ನೋಡಿ: ಹಳೆಯದರಲ್ಲಿ ಎಷ್ಟೋ ಸಲ ಅದು ಪ್ಲಾಸ್ಟಿಕ್ಕಿನಲ್ಲೇ ಉಬ್ಬಿದ ಗೆರೆ, ಹೊಸದರಲ್ಲಿ ಬೇರೆಯಾಗಿ ಕೂರಿಸಿದ ತಂತಿ. ಅದಕ್ಕೇ ಈಗಿನ ಹಾರ್ನ್‌ಬಿ ಕಂಪನಿ ಹಳೆಯ ಅಚ್ಚಿನ ಎಷ್ಟೋ ಮಾದರಿಗಳನ್ನು 'ರೈಲ್‌ರೋಡ್' ಅನ್ನೋ ಅಗ್ಗದ ಸಾಲಿನಲ್ಲಿ ಇಡುತ್ತದೆ. ಮಕ್ಕಳ ಕೈಗೆ ಅದೇ ವಾಸಿ. ಸಣ್ಣ ತಂತಿ ಮುರಿಯೋ ಭಯ ಇರಲ್ಲ ಅಲ್ವಾ?

ಇನ್ನು ಪ್ರತಿಸ್ಪರ್ಧಿ ಅದೇ ಎಂಜಿನ್ ಘೋಷಿಸಿಬಿಟ್ಟರೆ ಲೆಕ್ಕವೆಲ್ಲ ತಲೆಕೆಳಗು.