ತಮ್ಮನಿಗೆ ಸಾಕಾದದ್ದು ಅಣ್ಣನಿಗೇಕೆ ಸಾಲದು?

ಪ್ರಶ್ನೆ: ಕಳೆದ ವರ್ಷ ಹುಬ್ಬಳ್ಳಿಯಲ್ಲಿ ನನ್ನ ತಮ್ಮನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಯಿತು. ಶ್ವಾಸನಾಳಕ್ಕೆ ಕೊಳವೆ ಇಳಿಸದೆ, ಗಂಟಲಲ್ಲೇ ಕೂರುವ ಮೆತ್ತನೆಯ ಸಾಧನ ಹಾಕಿದ್ದರಂತೆ. ಈಗ ನನಗೆ ಪಿತ್ತಕೋಶದ ಕಲ್ಲು. ನನಗೆ ಮಾತ್ರ ಕೊಳವೆಯೇ ಬೇಕು ಎನ್ನುತ್ತಾರೆ. ರಾತ್ರಿ ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆ, ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಗುಟ್ಕಾ ಬಿಟ್ಟು ಎರಡು ವರ್ಷವಾಯಿತು. ಹಗುರ ಸಾಧನ ನನಗೇಕೆ ಬೇಡ?
– ಗದಗದ ಓದುಗರು

ಉತ್ತರ: ಕಾರಣಗಳನ್ನು ನೀವೇ ಬರೆದಿದ್ದೀರಿ. ಇಷ್ಟನ್ನೂ ಮುಚ್ಚಿಡದೆ ಹೇಳುವ ರೋಗಿಗಳು ನಮಗೆ ಅಪರೂಪ.

ತಮ್ಮನಿಗೆ ಹಾಕಿದ್ದು ಎಲ್‌ಎಂಎ (ಲ್ಯಾರಿಂಜಿಯಲ್ ಮಾಸ್ಕ್ ಏರ್‌ವೇ) ಅಥವಾ ಅದರ ಬಳಗದ ಐ-ಜೆಲ್ ಇರಬೇಕು. ಇಂಗ್ಲೆಂಡಿನ ಅರಿವಳಿಕೆ ತಜ್ಞ ಆರ್ಚಿ ಬ್ರೇನ್ 1981ರಲ್ಲಿ ಮೊದಲು ಬಳಸಿದ ಸಾಧನ ಎಲ್‌ಎಂಎ. ಧ್ವನಿಪೆಟ್ಟಿಗೆಯ ಮೇಲೆ ಬಟ್ಟಲು ಕವುಚಿದ ಹಾಗೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಗಂಟಲಿಗೆ ನೋವು ಕಡಿಮೆ, ಹಾಕುವುದೂ ಬೇಗ. ತೊಡಕಿರುವುದು ಅದರ ಅಂಚಿನಲ್ಲಿ: ಆ ಅಂಚು ಗಂಟಲಿಗೆ ಒತ್ತಿ ಕೂತಿರುತ್ತದೆಯೇ ಹೊರತು ಶ್ವಾಸನಾಳವನ್ನು ಬಿಗಿಯಾಗಿ ಮುಚ್ಚುವುದಿಲ್ಲ. ಅರಿವಳಿಕೆಯಲ್ಲಿ ಕೆಮ್ಮು ಬರದು. ಜಠರದ ಹುಳಿ ಮೇಲಕ್ಕೆ ಉಕ್ಕಿದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಶ್ವಾಸನಾಳದೊಳಗಿನ ಕೊಳವೆಗೆ ತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುವುದರಿಂದ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಹೊಸ ಮಾದರಿಯ ಎಲ್‌ಎಂಎಗಳಲ್ಲಿ ಜಠರದ ದ್ರವ ಹೊರಹೋಗಲು ಪ್ರತ್ಯೇಕ ನಾಳವಿದೆ. ಆದರೂ ನಿಮ್ಮಂಥವರ ವಿಷಯದಲ್ಲಿ ನಾನು ಅದನ್ನು ನೆಚ್ಚುವುದಿಲ್ಲ.

ಆದ್ದರಿಂದ ನಾವು ಮೊದಲು ಕೇಳುವುದು ಹೊಟ್ಟೆಯ ಸಮಾಚಾರ. ಗಟ್ಟಿ ಆಹಾರ ತಿಂದು ಕನಿಷ್ಠ 6 ಗಂಟೆ, ಮಿರ್ಚಿ ಬಜ್ಜಿಯಂಥ ಎಣ್ಣೆ ಪದಾರ್ಥವಾದರೆ 8 ಗಂಟೆ ಕಳೆದಿರಬೇಕು. ನೀರಿಗೆ 2 ಗಂಟೆ ಸಾಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ‘ಅರ್ಧ ಕಪ್ ಚಹಾ ಅಷ್ಟೇ ಡಾಕ್ಟರೇ’ ಎಂಬ ಮಾತನ್ನು ಮುಂಜಾನೆ ಎಷ್ಟು ಸಲ ಕೇಳಿದ್ದೇನೋ. ಉಪವಾಸ ಪಾಲಿಸಿದರೂ ಹೊಟ್ಟೆ ಖಾಲಿಯಾಗದವರಿದ್ದಾರೆ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಜಠರದ ನರಗಳು ಸೋತಿದ್ದರೆ ರಾತ್ರಿಯ ಜೋಳದ ರೊಟ್ಟಿ ಬೆಳಗ್ಗೆಯೂ ಒಳಗೇ ಉಳಿದಿರಬಹುದು. ಸಕ್ಕರೆಗೆಂದು, ತೂಕ ಇಳಿಸಲೆಂದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಕೂಡ ಜಠರವನ್ನು ನಿಧಾನಗೊಳಿಸುತ್ತದೆ. ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ. ಕರುಳು ಕಟ್ಟಿಕೊಂಡವರು, ಬೈಕ್ ಅಪಘಾತದಿಂದ ನೇರ ಬಂದವರು, ನಾಲ್ಕು ತಿಂಗಳು ದಾಟಿದ ಗರ್ಭಿಣಿಯರು ಇವರಿಗೂ ಸಾಮಾನ್ಯವಾಗಿ ಕೊಳವೆಯೇ.

ನಿಮ್ಮ ಶಸ್ತ್ರಚಿಕಿತ್ಸೆಯ ಬಗೆಯೂ ಬೇರೆ. ಪಿತ್ತಕೋಶವನ್ನು ದುರ್ಬೀನಿನಿಂದ ತೆಗೆಯುವಾಗ ಹೊಟ್ಟೆಗೆ ಅನಿಲ ತುಂಬುತ್ತಾರೆ. ಅದು ಎದೆ-ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಉಸಿರು ಕೊಡಲು ಹೆಚ್ಚು ಒತ್ತಡ ಬೇಕು. ಹಳೆಯ ಮಾದರಿಯ ಎಲ್‌ಎಂಎ ಸುಮಾರು 20 ಸೆಂಟಿಮೀಟರ್ ನೀರಿನ ಒತ್ತಡ ಮೀರಿದರೆ ಸೋರಲು ಶುರುವಾಗುತ್ತದೆ. ತೀರಾ ದಪ್ಪಗಿರುವವರಿಗೆ, ಶ್ವಾಸಕೋಶ ಬಿಗಿದವರಿಗೆ ಇದನ್ನು ಹಾಕಲು ಹಿಂಜರಿಯುವುದೂ ಇದಕ್ಕೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಅಪವಾದವಿದೆ. ಕೊಳವೆ ಹಾಕಲು ಆಗುತ್ತಿಲ್ಲ, ಆಮ್ಲಜನಕ ಕುಸಿಯುತ್ತಿದೆ ಎಂಬ ಗಳಿಗೆಯಲ್ಲಿ ಹೊಟ್ಟೆ ತುಂಬಿದ್ದರೂ ಇದೇ ಸಾಧನವನ್ನು ಹಾಕುತ್ತೇವೆ. ಆಗ ಮೊದಲು ಜೀವ ಉಳಿಯಬೇಕು.

ಇನ್ನು ಗುಟ್ಕಾ. ಬಿಟ್ಟದ್ದು ಒಳ್ಳೆಯದಾಯಿತು. ಆದರೆ ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದಿದ್ದರೆ ಬಿಟ್ಟ ಮಾತ್ರಕ್ಕೆ ಸಡಿಲವಾಗುವುದಿಲ್ಲ. ಕನ್ನಡಿಯ ಮುಂದೆ ಬಾಯಿ ಅಗಲಿಸಿ, ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೂ ಹೋಗದಿದ್ದರೆ ಎಲ್‌ಎಂಎ ಇರಲಿ, ಮಾಮೂಲಿ ವಿಧಾನದಲ್ಲಿ ಕೊಳವೆ ಹಾಕುವುದೂ ಕಷ್ಟ. ಗಂಟಲು ಮರಗಟ್ಟಿಸಿ, ನೀವು ಎಚ್ಚರವಿರುವಾಗಲೇ ಬಾಗುವ ದುರ್ಬೀನಿನ ಸಹಾಯದಿಂದ ಮೂಗಿನ ಮೂಲಕ ಹಾಕಬೇಕಾದೀತು. ಅದಕ್ಕೆ ಸಿದ್ಧತೆ ಬೇಕು. ಹಾಗಾಗಿ ಶಸ್ತ್ರಚಿಕಿತ್ಸೆಯ ದಿನದವರೆಗೆ ಕಾಯದೆ ಈ ವಾರವೇ ಹೋಗಿ ಅರಿವಳಿಕೆ ತಜ್ಞರಿಗೆ ಬಾಯಿ ತೋರಿಸಿ ಬನ್ನಿ.