ಹೆಲ್ಮೆಟ್ ಹಾಕಿಸಿದ್ದು ತಪ್ಪಾಯಿತೇ?

ಪ್ರಿಯ ಸೋದರಿ,

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕುವುದಿಲ್ಲ. ಆದರೆ ಉಳಿದ ಓದುಗರಿಗೆ ವಿಷಯ ತಿಳಿಯಬೇಕಾದ್ದರಿಂದ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮಗನಿಗೆ ಏಳು ತಿಂಗಳು. ಕತ್ತಿನ ಎಡಭಾಗದ ಸ್ನಾಯು ಬಿಗಿಯಾಗಿದ್ದುದರಿಂದ ಹುಟ್ಟಿದಾಗಿನಿಂದ ಬಲಕ್ಕೇ ಮುಖ ತಿರುಗಿಸಿ ಮಲಗುತ್ತಿದ್ದ. ತಲೆಯ ಹಿಂಬದಿ ಬಲಗಡೆ ಚಪ್ಪಟೆಯಾಯಿತು. ಫಿಸಿಯೋಥೆರಪಿ ಮಾಡಿಸಿದಿರಿ, ಕತ್ತು ಸಡಿಲವಾಯಿತು, ಆದರೆ ತಲೆಯ ಆಕಾರ ಸಾಕಷ್ಟು ಸುಧಾರಿಸಲಿಲ್ಲ. ವೈದ್ಯರ ಸಲಹೆಯಂತೆ ಆರನೆಯ ತಿಂಗಳಲ್ಲಿ ಹೆಲ್ಮೆಟ್ ಹಾಕಿಸಿದಿರಿ. ಈಗ ದಿನಕ್ಕೆ 23 ಗಂಟೆ ಅದು ಅವನ ತಲೆಯ ಮೇಲಿದೆ. ಅಷ್ಟರಲ್ಲಿ ನಮ್ಮ ಆರೋಗ್ಯ ಪುಟದಲ್ಲಿ ನಾಲ್ಕು ಸಾಲು ಓದಿದಿರಿ: ಹೆಲ್ಮೆಟ್ ಹಾಕಿದ ಮಕ್ಕಳಿಗೂ ಹಾಕದ ಮಕ್ಕಳಿಗೂ ಎರಡು ವರ್ಷ ತುಂಬುವ ಹೊತ್ತಿಗೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ ಎಂದು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿದ್ದೀರಿ. 'ಹಾಗಾದರೆ ನಾವು ಮಗುವನ್ನು ಸುಮ್ಮನೆ ಹಿಂಸಿಸುತ್ತಿದ್ದೇವೆಯೇ?' ಎಂಬುದು ನಿಮ್ಮ ಪ್ರಶ್ನೆ.

ಆ ನಾಲ್ಕು ಸಾಲು ಸರಿಯಾಗಿಯೇ ಇದ್ದವು. ಆದರೆ ಅವು ನಿಮ್ಮ ಮಗನ ಬಗ್ಗೆ ಬರೆದ ಸಾಲುಗಳಲ್ಲ.

ಆ ಅಧ್ಯಯನ ನಡೆದದ್ದು ನೆದರ್ಲೆಂಡ್ಸ್‌ನಲ್ಲಿ, ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಐದಾರು ತಿಂಗಳ 84 ಶಿಶುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆಲ್ಮೆಟ್ ಹಾಕಿದರು, ಇನ್ನೊಂದನ್ನು ಹಾಗೆಯೇ ಬೆಳೆಯಲು ಬಿಟ್ಟರು. ಎರಡನೆಯ ವರ್ಷದಲ್ಲಿ ಅಳೆದಾಗ ಎರಡೂ ಗುಂಪುಗಳಲ್ಲಿ ಪೂರ್ತಿ ಸರಿಹೋದವರು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಉಳಿದ ಮಕ್ಕಳಲ್ಲೂ ಸುಧಾರಣೆ ಇತ್ತು, ಆದರೆ ಹೆಲ್ಮೆಟ್ ಗುಂಪು ಮುಂದೆ ಹೋಗಿರಲಿಲ್ಲ. ಇಂತಹ ಪ್ರಯೋಗ ಈ ವಿಷಯದಲ್ಲಿ ಅಪರೂಪ. ಅದನ್ನು ತಳ್ಳಿಹಾಕುವ ತಜ್ಞರ ಜೊತೆ ನಾನಿಲ್ಲ. ಹೆಲ್ಮೆಟ್ ಗುಂಪಿನ ತಂದೆತಾಯಂದಿರೆಲ್ಲರೂ ಒಂದಲ್ಲ ಒಂದು ಅಡ್ಡಪರಿಣಾಮ ಹೇಳಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ಚರ್ಮ ಕೆಂಪಾಗುವುದು.

ಆದರೆ ಯಾವ ಮಕ್ಕಳನ್ನು ಆ ಪ್ರಯೋಗಕ್ಕೆ ತೆಗೆದುಕೊಂಡಿದ್ದರು ಎಂದು ನೋಡಿ. ಕತ್ತಿನ ಸ್ನಾಯು ಬಿಗಿದುಕೊಂಡಿರುವ, ವೈದ್ಯರು ಟಾರ್ಟಿಕಾಲಿಸ್ ಎನ್ನುವ ತೊಂದರೆಯಿದ್ದ ಮಕ್ಕಳನ್ನು ಮೊದಲೇ ಹೊರಗಿಟ್ಟಿದ್ದರು. ಅಂದರೆ ನಿಮ್ಮ ಮಗ ಆ ಊರಿನಲ್ಲೇ ಹುಟ್ಟಿದ್ದರೂ ಆ 84ರಲ್ಲಿ ಸೇರುತ್ತಿರಲಿಲ್ಲ. ಅಷ್ಟೇ ಅಲ್ಲ, ಪ್ರಯೋಗಕ್ಕೆ ಕರೆ ಬಂದ ಬಹುಪಾಲು ಕುಟುಂಬಗಳು ಮಗುವಿನ ಚಿಕಿತ್ಸೆಯನ್ನು ಚೀಟಿಗೆ ಬಿಡಲು ಒಪ್ಪಲಿಲ್ಲ. ಒಪ್ಪಿದವರ ಮಕ್ಕಳಲ್ಲೂ ಅನೇಕರಿಗೆ ಹೆಲ್ಮೆಟ್ ಸರಿಯಾಗಿ ಕೂರದೆ ಜಾರುತ್ತಿತ್ತು, ತಿರುಗುತ್ತಿತ್ತು. ಎರಡು ವರ್ಷಗಳ ನಂತರ, 2016ರಲ್ಲಿ, ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಯೊಂದು ಆವರೆಗಿನ ಅಧ್ಯಯನಗಳನ್ನೆಲ್ಲ ಮುಂದಿಟ್ಟುಕೊಂಡು ಮಾರ್ಗಸೂಚಿ ಹೊರಡಿಸಿತು. ಮಲಗುವ ಭಂಗಿ ಬದಲಿಸಿ, ಫಿಸಿಯೋಥೆರಪಿ ಮಾಡಿಸಿ, ಆಮೇಲೂ ಮಧ್ಯಮ ಅಥವಾ ತೀವ್ರ ಮಟ್ಟದ ವಿಕಾರ ಉಳಿದಿದ್ದರೆ ಹೆಲ್ಮೆಟ್ ಕೊಡಬಹುದು ಎಂದು ಅದು ಹೇಳುತ್ತದೆ. ನಿಮ್ಮ ವೈದ್ಯರು ಹಿಡಿದಿರುವುದು ಇದೇ ಹಾದಿ. ಮೊದಲ ಭೇಟಿಯಲ್ಲೇ ಹೆಲ್ಮೆಟ್ ಬರೆದುಕೊಟ್ಟಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ.

ಇನ್ನು ನೀವು ನೇರವಾಗಿ ಕೇಳದಿದ್ದರೂ ಪತ್ರದ ಸಾಲುಸಾಲಿನಲ್ಲೂ ಇಣುಕುವ ಮಾತು: 'ನಾನೇ ಗಮನಿಸಬೇಕಿತ್ತು.' ಅವನನ್ನು ಅಂಗಾತ ಮಲಗಿಸಿದ್ದು ನಾನೇ, ಹಾಗಾಗಿ ತಲೆ ಚಪ್ಪಟೆಯಾಗಲು ನಾನೇ ಕಾರಣ ಎಂದು ಲೆಕ್ಕ ಹಾಕಿದ್ದೀರಿ. ಅಂಗಾತ ಮಲಗಿಸಿದ್ದು ತಪ್ಪಲ್ಲ, ಅದು ನೀವು ಮಾಡಿದ ಅತ್ಯಂತ ಸರಿಯಾದ ಕೆಲಸ. ಶಿಶುಗಳು ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವುದನ್ನು ತಡೆಯಲು 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೋರಲು ಮಲಗಿಸಬೇಡಿ ಎಂದಿತು. 1994ರಲ್ಲಿ ಅದು ದೊಡ್ಡ ಪ್ರಚಾರವಾಯಿತು. ಅಂತಹ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಅದೇ ಕಾಲದಲ್ಲಿ ಚಪ್ಪಟೆ ತಲೆಯ ಶಿಶುಗಳು ಹೆಚ್ಚಾದರು. ಇದು ಒಳ್ಳೆಯ ವ್ಯಾಪಾರವೇ. ತಲೆಯ ಆಕಾರ ಹೋಗಿ ಜೀವ ಉಳಿಯಿತು ಎಂದರೆ ಯಾವ ತಾಯಿ ಬೇಡವೆನ್ನುತ್ತಾಳೆ? 2013ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಏಳರಿಂದ ಹನ್ನೆರಡು ವಾರದ 440 ಶಿಶುಗಳನ್ನು ಪರೀಕ್ಷಿಸಿದಾಗ ಅವರಲ್ಲಿ ಶೇಕಡಾ 46.6ರಷ್ಟು ಮಕ್ಕಳ ತಲೆಯಲ್ಲಿ ಒಂದಿಷ್ಟಾದರೂ ಚಪ್ಪಟೆತನ ಕಂಡಿತು. ಅದರಲ್ಲಿ ಬಹುಪಾಲು ಸೌಮ್ಯ. ಅಷ್ಟೊಂದು ಮನೆಗಳಲ್ಲಿ ತಾಯಂದಿರೆಲ್ಲ ಕಣ್ಣುಮುಚ್ಚಿ ಕುಳಿತಿದ್ದರು ಎಂದು ನೀವು ಹೇಳಲಾರಿರಿ.

ಎಳೆಯ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಒಳಗಿನ ಮೆದುಳು ಬೆಳೆದಂತೆ ಅವು ಹೊರಕ್ಕೆ ಸರಿಯುತ್ತವೆ. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು ಎರಡು ಸೆಂಟಿಮೀಟರ್, ಆರರವರೆಗೆ ಒಂದು, ಆಮೇಲೆ ಅರ್ಧ ಸೆಂಟಿಮೀಟರ್‌ನಂತೆ ಹೆಚ್ಚುತ್ತದೆ. ಒಂದೇ ಕಡೆ ಒತ್ತು ಬಿದ್ದರೆ ಬೇಲಿಗೆ ಆತುಕೊಂಡು ಬೆಳೆದ ಕುಂಬಳಕಾಯಿಯಂತೆ ಆ ಬದಿ ಸಮತಟ್ಟಾಗಿ ಬೆಳವಣಿಗೆ ಬೇರೆಡೆಗೆ ಹರಿಯುತ್ತದೆ. ನಿಮ್ಮ ಮಗನ ಬಲಗಿವಿ ಎಡಗಿವಿಗಿಂತ ಮುಂದೆ ಬಂದಿದೆ, ಬಲ ಹಣೆ ಸ್ವಲ್ಪ ಉಬ್ಬಿದೆ ಎಂದಿದ್ದೀರಲ್ಲ, ಅದಕ್ಕೆ ಕಾರಣ ಇದೇ. ಹೆಲ್ಮೆಟ್ ಈ ಬೆಳವಣಿಗೆಯನ್ನೇ ಬಳಸಿಕೊಳ್ಳುತ್ತದೆ. ಅದು ತಲೆಯನ್ನು ಹಿಂಡುವುದಿಲ್ಲ. ಉಬ್ಬಿದ ಕಡೆ ಮೆಲ್ಲಗೆ ತಾಗಿಕೊಂಡಿರುತ್ತದೆ, ಚಪ್ಪಟೆಯಾದ ಕಡೆ ಒಳಗೆ ಜಾಗ ಬಿಟ್ಟಿರುತ್ತದೆ. ತಲೆ ಬೆಳೆಯುತ್ತಾ ಖಾಲಿ ಜಾಗಕ್ಕೆ ತುಂಬಿಕೊಳ್ಳುತ್ತದೆ. 'ಮಗುವಿನ ತಲೆಗೆ ಇಕ್ಕಳ ಹಾಕಿದ್ದೀರಿ' ಎನ್ನುವ ನಿಮ್ಮ ಅತ್ತೆಯವರಿಗೆ ಇದನ್ನು ತೋರಿಸಿ. ಹೆಲ್ಮೆಟ್ ತೆಗೆದಾಗ ಚಪ್ಪಟೆ ಬದಿಯ ಒಳಗೆ ಅವರೇ ಬೆರಳು ಹಾಕಿ ನೋಡಲಿ, ಅಲ್ಲಿನ ಟೊಳ್ಳು ಕೈಗೆ ಸಿಗುತ್ತದೆ. ಯಾರೂ ನೋಡದಾಗ ಅವರು ಅದನ್ನು ಬಿಚ್ಚಿಡುತ್ತಾರೆ ಎಂದು ಬರೆದಿದ್ದೀರಿ. ಅವರ ಮೇಲೆ ಕೋಪ ಬೇಡ, ಮೊಮ್ಮಗನ ಮೇಲಿನ ಮರುಕ ಅದು. ಆದರೆ ದಿನಕ್ಕೆ ನಾಲ್ಕೈದು ಗಂಟೆ ಬಿಚ್ಚಿಟ್ಟರೆ ಚಿಕಿತ್ಸೆ ಎಳೆದುಕೊಂಡು ಹೋಗಿ ಅವನಿಗೇ ಹೆಚ್ಚು ದಿನ ಹೊರೆಯಾಗುತ್ತದೆ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ. ಸೊಸೆ ಹತ್ತು ಸಲ ಹೇಳುವುದಕ್ಕಿಂತ ವೈದ್ಯರ ಬಾಯಿಂದ ಒಂದು ಸಲ ಕೇಳುವುದು ಮೇಲು.

ಮೆದುಳಿನ ಬಗ್ಗೆಯೂ ನಿಮಗೆ ಹೆದರಿಕೆಯಿದೆ. ಹೊರಗಿನ ಒತ್ತಡದಿಂದ ಬಂದ ಚಪ್ಪಟೆತನ ಮೆದುಳನ್ನು ಹಾಳುಮಾಡುತ್ತದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ. ಇದು ಬಹುಮಟ್ಟಿಗೆ ನೋಟದ ವಿಷಯ. 'ಬರಿಯ ನೋಟದ ವಿಷಯ' ಎಂದು ಹಗುರಮಾಡುವವರೂ ಇದ್ದಾರೆ. ಬೆಳೆದು ದೊಡ್ಡವನಾದ ಮೇಲೆ ತನ್ನ ಮುಖದ ಎರಡು ಬದಿ ಸರಿಸಮವಾಗಿರಲಿ ಎಂದು ಮಗುವಿನ ಪರವಾಗಿ ತಂದೆತಾಯಿ ಬಯಸುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಆದರೆ 'ಹೆಲ್ಮೆಟ್ ಹಾಕಿಸದಿದ್ದರೆ ಬುದ್ಧಿ ಮಂದವಾಗುತ್ತದೆ' ಎಂದು ಹೆದರಿಸಿ ಹೆಲ್ಮೆಟ್ ಮಾರುವವರ ಬಾಗಿಲಿಂದ ದೂರವಿರಿ. ಭಯ ಮಾರಾಟವಾದಷ್ಟು ಸುಲಭವಾಗಿ ಇನ್ನೇನೂ ಮಾರಾಟವಾಗುವುದಿಲ್ಲ.

ನಿಜವಾಗಿ ಹೆದರಬೇಕಾದ್ದು ಬೇರೊಂದಿದೆ, ಅದು ಅಪರೂಪ. ತಲೆಬುರುಡೆಯ ಮೂಳೆಗಳ ನಡುವಿನ ಹೊಲಿಗೆ ಹೊತ್ತಿಗೆ ಮುಂಚೆಯೇ ಮುಚ್ಚಿಕೊಳ್ಳುವುದು. ಕ್ರೇನಿಯೋಸಿನೋಸ್ಟೋಸಿಸ್ ಎನ್ನುವ ಈ ಸ್ಥಿತಿ ಸುಮಾರು ಎರಡರಿಂದ ಎರಡೂವರೆ ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು, ಹೆಲ್ಮೆಟ್ ಒಂದೇ ಸಾಲದು. ನಿಮ್ಮ ವೈದ್ಯರು ಮೊದಲೇ ಕೈಯಿಂದ ಹೊಲಿಗೆಗಳನ್ನು ಮುಟ್ಟಿ ನೋಡಿ ಅದಲ್ಲ ಎಂದಿದ್ದಾರೆ. ಇದನ್ನು ಓದುತ್ತಿರುವ ಬೇರೆ ತಂದೆತಾಯಂದಿರಿಗೆ ಹೇಳುತ್ತೇನೆ: ಆ ಪರೀಕ್ಷೆ ಆಗದೆ ಯಾರೂ ಹೆಲ್ಮೆಟ್‌ನ ಮಾತನ್ನೇ ಎತ್ತಬಾರದು. ಹಾಗೆಯೇ, ನಡುವೆ ತೂತಿರುವ 'ತಲೆಯ ಆಕಾರ ಸರಿಪಡಿಸುವ' ದಿಂಬುಗಳನ್ನು ಕೊಳ್ಳಬೇಡಿ. ಉಸಿರುಕಟ್ಟುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಅವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮಗು ಮಲಗುವ ಜಾಗದಲ್ಲಿ ದಿಂಬೇ ಬೇಡ.

ಈಗ ದಿನನಿತ್ಯದ ಮಾತು. ಕೂದಲು ಒದ್ದೆಯಾಗುವಷ್ಟು ಬೆವರುತ್ತಾನೆ, ಹುಳಿ ವಾಸನೆ ಬರುತ್ತದೆ ಎಂದಿದ್ದೀರಿ. ಮೊದಲ ವಾರಗಳಲ್ಲಿ ಬೆವರು ಸಹಜ, ಮೈ ಹೊಂದಿಕೊಂಡಂತೆ ಕಡಿಮೆಯಾಗುತ್ತದೆ. ಅವನಿಗೆ ಒಂದು ಪದರ ಬಟ್ಟೆ ಕಡಿಮೆ ಹಾಕಿ. ಸ್ನಾನಕ್ಕೆ ತೆಗೆಯುವ ಆ ಒಂದು ಗಂಟೆಯಲ್ಲೇ ಹೆಲ್ಮೆಟ್‌ನ ಒಳಮೈಯನ್ನು ಅವರು ಹೇಳಿಕೊಟ್ಟ ದ್ರಾವಣದಿಂದ ಒರೆಸಿ (ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಬಳಸುವ ಸ್ಪಿರಿಟ್), ಗಾಳಿಗೆ ಪೂರ್ತಿ ಒಣಗಿಸಿ. ಹಸಿ ಇರುವಾಗ ಹಾಕಿದರೆ ಚರ್ಮ ಕೆರಳುತ್ತದೆ. ತಲೆಗೆ ಪೌಡರು, ಕ್ರೀಮು, ಎಣ್ಣೆ ಹಚ್ಚಿ ಹೆಲ್ಮೆಟ್ ಹಾಕಬೇಡಿ. ತೆಗೆದಾಗ ನೆತ್ತಿಯ ಸುತ್ತ, ಕಿವಿಯ ಹಿಂದೆ, ಹಣೆಯ ಮೇಲೆ ಬೆಳಕಿನಲ್ಲಿ ನೋಡಿ. ತಾಗುವ ಕಡೆ ತುಸು ಕೆಂಪು ಇದ್ದೇ ಇರುತ್ತದೆ, ಒಂದು ಗಂಟೆಯೊಳಗೆ ಮಾಯವಾಗಬೇಕು. ಆಗದಿದ್ದರೆ, ಗುಳ್ಳೆ ಎದ್ದರೆ, ಚರ್ಮ ಸುಲಿದರೆ ಮತ್ತೆ ಹಾಕದೆ ಹೆಲ್ಮೆಟ್ ತಯಾರಿಸಿದವರಿಗೆ ಫೋನ್ ಮಾಡಿ. ಒಳಗಿನ ಫೋಮ್ ಕೆರೆದು ಸರಿಮಾಡುವುದು ಅವರ ಕೆಲಸ, ಮನೆಯಲ್ಲಿ ಚಾಕು ಹಿಡಿಯಬೇಡಿ. ಜ್ವರ ಬಂದಾಗ ತೆಗೆದಿಡಿ, ಎಷ್ಟು ಹೊತ್ತು ಎಂದು ವೈದ್ಯರನ್ನು ಕೇಳಿ. ಮತ್ತು ಹೆಲ್ಮೆಟ್ ಇದೆಯೆಂದು ಮಂಚದ ಮೇಲೆ ಒಬ್ಬನನ್ನೇ ಬಿಟ್ಟು ಹೋಗಬೇಡಿ. ಬಿದ್ದರೆ ತಲೆ ಕಾಯಲೆಂದು ಮಾಡಿದ್ದಲ್ಲ ಅದು.

ಹಗಲು ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರಿನಲ್ಲಿ, ಬೋರಲು ಆಡಿಸುವುದನ್ನು ನಿಲ್ಲಿಸಬೇಡಿ. ಕತ್ತಿನ ವ್ಯಾಯಾಮವನ್ನಂತೂ ನಿಲ್ಲಿಸಲೇಬೇಡಿ. ಹೆಲ್ಮೆಟ್ ಬಂದಮೇಲೆ ಫಿಸಿಯೋಥೆರಪಿಗೆ ಹೋಗುವುದು ತಪ್ಪಿದೆ ಎಂದು ಎಲ್ಲೋ ಒಂದು ಸಾಲಿನಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಕಳವಳವಾದದ್ದು ಅದೊಂದೇ ಸಾಲು. ಅವನು ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗುವಂತಾಗದಿದ್ದರೆ ಮೂಲ ಕಾರಣ ಅಲ್ಲೇ ಉಳಿಯುತ್ತದೆ.

ಜನರ ವಿಷಯ. ಬಸ್ಸಿನಲ್ಲಿ ಯಾರೋ 'ಪಾಪ, ಬಿದ್ದನೇ? ಆಪರೇಷನ್ ಆಯಿತೇ?' ಎಂದು ಕೇಳಿದಾಗ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಿರಿ. ಅಪರಿಚಿತರಿಗೆಲ್ಲ ಮಗುವಿನ ವೈದ್ಯಕೀಯ ಚರಿತ್ರೆ ಒಪ್ಪಿಸುವ ಅಗತ್ಯವಿಲ್ಲ. 'ತಲೆಯ ಆಕಾರಕ್ಕೆ ಹಾಕಿದ್ದು, ಕೆಲವು ತಿಂಗಳಲ್ಲಿ ತೆಗೆಯುತ್ತಾರೆ' ಎಂದರೆ ಸಾಕು, ಮುಖ ಬೇರೆಡೆ ತಿರುಗಿಸಬಹುದು. ನಿಮಗೆ ಮಾತನಾಡುವ ಮನಸ್ಸಿದ್ದ ದಿನ ಮಾತನಾಡಿ. ಕೇಳಿದವರಲ್ಲಿ ಒಬ್ಬಿಬ್ಬರ ಮನೆಯಲ್ಲೂ ಇಂತಹ ಮಗುವಿರಬಹುದು. ಅವನಿಗೆ ಮಾತ್ರ ಈ ನೋಟಗಳು ತಾಗುವುದಿಲ್ಲ. ಏಳು ತಿಂಗಳ ಮಗುವಿಗೆ ತಾನು ಭಿನ್ನ ಎಂಬ ಅರಿವಿರುವುದಿಲ್ಲ, ನಿಮ್ಮ ಮುಖ ಬಾಡಿದ್ದು ಮಾತ್ರ ಗೊತ್ತಾಗುತ್ತದೆ. ಫೋಟೋ ತೆಗೆಯುವಾಗಲೆಲ್ಲ ಹೆಲ್ಮೆಟ್ ಬಿಚ್ಚುತ್ತೇವೆ ಎಂದಿದ್ದೀರಿ. ಬಿಚ್ಚದೆಯೂ ಕೆಲವು ತೆಗೆದಿಡಿ. ಈ ತಿಂಗಳುಗಳು ಅವನ ಆಲ್ಬಮ್‌ನಲ್ಲಿ ಖಾಲಿ ಬಿದ್ದಿರಬೇಕಾದ್ದೇನಿಲ್ಲ.

ಕೊನೆಯದಾಗಿ, ಎಷ್ಟು ದಿನ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು. ತಲೆಯ ಬೆಳವಣಿಗೆ ವರ್ಷ ತುಂಬುತ್ತಾ ನಿಧಾನವಾಗುವುದರಿಂದ ಆಮೇಲೆ ಸಿಗುವ ಲಾಭ ಕಡಿಮೆ. ಪ್ರತಿ ತಪಾಸಣೆಯಲ್ಲೂ ತಲೆಯ ಎರಡು ಓರೆ ಅಳತೆಗಳನ್ನು, ಅಂದರೆ ಬಲ ಹಣೆಯಿಂದ ಎಡ ಹಿಂಬದಿಗೆ ಮತ್ತು ಎಡ ಹಣೆಯಿಂದ ಬಲ ಹಿಂಬದಿಗೆ, ತೆಗೆಯುತ್ತಾರೆ. ಅವುಗಳ ನಡುವಿನ ಅಂತರ ಎಷ್ಟು ಮಿಲಿಮೀಟರ್ ಇತ್ತು, ಈಗ ಎಷ್ಟಿದೆ ಎಂಬುದನ್ನು ಬರೆದುಕೊಡಲು ಕೇಳಿ. ಅಂತರ ಕಿರಿದಾಗುತ್ತಿದ್ದರೆ ಮುಂದುವರಿಸಿ. ಹೆಲ್ಮೆಟ್ ಸರಿಯಾಗಿ ಕೂತಿದ್ದು, ಹೇಳಿದಷ್ಟು ಹೊತ್ತು ಹಾಕಿದ್ದೂ ಎರಡು ಮೂರು ಭೇಟಿಗಳಲ್ಲಿ ಅಂಕಿ ಅಲುಗದಿದ್ದರೆ, 'ಇನ್ನೂ ಯಾಕೆ ಹಾಕಬೇಕು?' ಎಂದು ಕೇಳುವ ಹಕ್ಕು ನಿಮಗಿದೆ. ಸಮಾಧಾನದ ಉತ್ತರ ಸಿಗದಿದ್ದರೆ ಅಳತೆಯ ಹಾಳೆಗಳನ್ನೆಲ್ಲ ತೆಗೆದುಕೊಂಡು ಇನ್ನೊಬ್ಬ ಮಕ್ಕಳ ತಜ್ಞರ ಬಳಿ ಹೋಗಿ. ಆಗ ಬಿಚ್ಚಿಡಬೇಕಾಗಿ ಬಂದರೂ ಈ ತಿಂಗಳುಗಳು ಅವನಿಗೆ ಕೇಡು ಮಾಡಿವೆ ಎಂದು ಅದರ ಅರ್ಥವಲ್ಲ.

ಫಿಸಿಯೋಥೆರಪಿಗೆ ಮಾತ್ರ ಈ ವಾರವೇ ಹೋಗಿ ಬನ್ನಿ.

— ಸಂಪಾದಕರು