ಮನೆಯ ಈಜುಕೊಳ ತುಂಬಲು ಎಷ್ಟು ಹೊತ್ತು ಬೇಕು? ಮೊದಲು ಪೈಪಿನ ನೀರು ಅಳೆಯಿರಿ

ನಿಮ್ಮ ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ. ಒಂದು ತುದಿಯಲ್ಲಿ 1.1 ಮೀಟರ್ ನೀರು ನಿಲ್ಲಬೇಕು, ಇನ್ನೊಂದು ತುದಿಯಲ್ಲಿ 1.7. ಗಿಡಕ್ಕೆ ನೀರು ಬಿಡುವ ಪೈಪಿನಲ್ಲೇ ತುಂಬಿಸಬೇಕು ಅಂತಿದ್ದೀರಿ. ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆ ಹೊತ್ತಿಗೆ ತುಂಬಿರುತ್ತದಾ ಅನ್ನೋದು ನಿಮ್ಮ ಪ್ರಶ್ನೆ. ಇಲ್ಲ, ಅಷ್ಟರಲ್ಲಿ ತುಂಬುವುದಿಲ್ಲ. ಸಾಧಾರಣವಾಗಿ ನೀರು ಬರುವ ಪೈಪಾದರೆ ಒಂದೂವರೆ ದಿನ ಅಂತ ಇಟ್ಟುಕೊಳ್ಳಿ. ಒಂದು ದಿನಕ್ಕೇ ಮುಗಿಯಬಹುದು, ಎರಡು ದಿನ ದಾಟಲೂಬಹುದು. ಅದನ್ನು ಹೇಳುವುದು ನಿಮ್ಮ ಪೈಪ್ ಮಾತ್ರ.

ಕೊಳದಲ್ಲಿ ಎಷ್ಟು ನೀರು ಹಿಡಿಯುತ್ತದೆ ಅನ್ನೋದು ಸುಲಭದ ಲೆಕ್ಕ. ತಳ ಒಂದೇ ಸಮನೆ ಇಳಿಜಾರಾಗಿದ್ದರೆ ಎರಡು ತುದಿಯ ಆಳ ಕೂಡಿಸಿ ಅರ್ಧ ಮಾಡಿ. ನಿಮಗೆ 1.4 ಮೀಟರ್ ಬರುತ್ತದೆ. 8 × 4 × 1.4 ಅಂದರೆ 44.8 ಘನ ಮೀಟರ್. ಒಂದು ಘನ ಮೀಟರಿಗೆ 1,000 ಲೀಟರ್, ಹಾಗಾಗಿ 44,800 ಲೀಟರ್. ಕೊಳ ದುಂಡಗಿದ್ದರೆ ಅಡ್ಡಳತೆಯ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಆಮೇಲೆ ಆಳದಿಂದ ಗುಣಿಸಿದರಾಯಿತು. ಅಡಿಯಲ್ಲಿ ಅಳೆಯುವವರಿಗೆ ಒಂದು ಘನ ಅಡಿ ಅಂದರೆ 28.3 ಲೀಟರ್. ಒಂದು ವಿಷಯ ಮಾತ್ರ ಮರೆಯಬೇಡಿ: ಆಳ ಅಂದರೆ ನೀರು ನಿಲ್ಲುವ ಆಳ, ಗೋಡೆಯ ಎತ್ತರ ಅಲ್ಲ. ನಿಮ್ಮ ಕೊಳದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ ಅಂದರೇನೇ 3,200 ಲೀಟರ್.

ಇನ್ನು ಪೈಪಿನ ಕಡೆ ಬರೋಣ. ಅಂದಾಜು ಕೆಡುವುದು ಹೆಚ್ಚಾಗಿ ಇಲ್ಲೇ. ಎಷ್ಟೋ ಜನ ನಲ್ಲಿಯ ಬುಡದಲ್ಲಿ ಬಕೆಟ್ ಇಟ್ಟು ಅಳೆಯುತ್ತಾರೆ. ಅದು ಕೊಳಕ್ಕೆ ಬೀಳುವ ನೀರಲ್ಲ. ಯಾವ ಪೈಪಿನಲ್ಲಿ ತುಂಬಿಸುತ್ತೀರೋ ಅದನ್ನೇ ಜೋಡಿಸಿ, ಕೊಳದವರೆಗೆ ಎಳೆದು, ಅದರ ತುದಿಯಲ್ಲಿ ಅಳೆಯಿರಿ. ಬಕೆಟ್ಟಿನ ಮೇಲೆ ಬರೆದ ಅಳತೆಯನ್ನೂ ನಂಬಬೇಡಿ. ಅದು ಅಂಚಿನವರೆಗೆ ತುಂಬಿದಾಗಿನ ಲೆಕ್ಕ ಇರಬಹುದು. ಒಂದು ಲೀಟರ್ ಬಾಟಲಿಯಲ್ಲಿ 15 ಸಲ ನೀರು ಸುರಿದು, ಅಲ್ಲಿಗೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಬಕೆಟ್ ಖಾಲಿ ಮಾಡಿ, ಪೈಪ್ ಹಿಡಿದು, ಗೆರೆ ಮುಟ್ಟಲು ಎಷ್ಟು ಸೆಕೆಂಡ್ ಆಯಿತು ನೋಡಿ. ಎರಡು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

15 ಲೀಟರಿಗೆ 45 ಸೆಕೆಂಡ್ ಹಿಡಿದರೆ ಗಂಟೆಗೆ 1,200 ಲೀಟರ್. ನಿಮ್ಮ ಕೊಳಕ್ಕೆ ಸುಮಾರು 37 ಗಂಟೆ. ಅದೇ 30 ಸೆಕೆಂಡಿಗೆ ತುಂಬಿದರೆ 25 ಗಂಟೆ ಸಾಕು. ಒಂದು ನಿಮಿಷ ಆಯಿತು ಅಂದರೆ 50 ಗಂಟೆ. ಬಕೆಟ್ಟಿನಲ್ಲಿ ಕಾಣುವ 15 ಸೆಕೆಂಡ್ ವ್ಯತ್ಯಾಸ ಕೊಳದಲ್ಲಿ ಅರ್ಧ ದಿನ ಆಗಿಬಿಡುತ್ತದೆ.

ಪೈಪ್ ಉದ್ದ ಆದಷ್ಟೂ ಒಳಗೆ ಉಜ್ಜಾಟ ಜಾಸ್ತಿ, ನೀರು ಕಮ್ಮಿ. ಉದ್ದ ಎರಡರಷ್ಟಾದರೆ ಸುಮಾರು ಮೂರನೇ ಒಂದು ಭಾಗ ನೀರು ಇಳಿದುಬಿಡಬಹುದು. ಅದಕ್ಕೇ ಹೆಚ್ಚುವರಿ ಪೈಪ್ ಸುತ್ತಿ ಇಡುವ ಬದಲು ಬೇಕಾದಷ್ಟೇ ಉದ್ದ ಇಟ್ಟುಕೊಳ್ಳಿ. ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನ ಪೈಪ್ ಹಾಕಿದರೆ, ಹಿಂದಿನಿಂದ ಅಷ್ಟು ನೀರು ಬರುತ್ತಿದ್ದ ಪಕ್ಷದಲ್ಲಿ, ಎರಡು ಪಟ್ಟಿಗಿಂತಲೂ ಜಾಸ್ತಿ ಸಿಗುತ್ತದೆ. ಒಂದೇ ಲೈನಿನ ಎರಡು ನಲ್ಲಿ ಬಿಟ್ಟರೆ ಮಾತ್ರ ನೀರು ಎರಡರಷ್ಟಾಗುವುದಿಲ್ಲ, ಇರುವುದನ್ನೇ ಹಂಚಿಕೊಳ್ಳುತ್ತವೆ.

ನಿಮ್ಮ ನಲ್ಲಿಗೆ ನೀರು ಮೇಲಿನ ಟ್ಯಾಂಕಿನಿಂದ ಬರುತ್ತಿದ್ದರೆ ಬಕೆಟ್ ಲೆಕ್ಕವೂ ಮೋಸ ಮಾಡುತ್ತದೆ. 1,000 ಲೀಟರ್ ಟ್ಯಾಂಕ್ ಒಂದು ಗಂಟೆಯೊಳಗೆ ಬರಿದಾಗುತ್ತದೆ. ಆಮೇಲೆ ಟ್ಯಾಂಕಿಗೆ ಎಷ್ಟು ಬೇಗ ನೀರು ಏರುತ್ತದೋ ಅಷ್ಟೇ ಬೇಗ ಕೊಳ ತುಂಬುತ್ತದೆ. ಆಗ ಅಳೆಯಬೇಕಾದ್ದು ಅದನ್ನೇ. ಮನೆಗೆ ನೀರಿನ ಮೀಟರ್ ಇದ್ದರೆ ನನಗೆ ಎಲ್ಲಕ್ಕಿಂತ ಅದರ ಮೇಲೇ ನಂಬಿಕೆ. ಬೇರೆ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಈ ಗಂಟೆ ಓದಿ, ಮುಂದಿನ ಗಂಟೆ ಓದಿ, ಕಳೆಯಿರಿ. ರಾತ್ರಿ ಸುತ್ತಮುತ್ತ ಬಳಕೆ ಕಮ್ಮಿಯಾದಾಗ ಪ್ರೆಶರ್ ಏರುವುದುಂಟು. ಹಾಗಾಗಿ ಒಮ್ಮೆ ಹಗಲು, ಒಮ್ಮೆ ರಾತ್ರಿ ನೋಡಿದರೆ ಒಳ್ಳೆಯದು.

ತುಂಬಲು ಶುರುವಾದ ಮೇಲೆ ಇನ್ನೊಂದು ಕಡೆ ದಾರಿ ತಪ್ಪುತ್ತದೆ. ಗಂಟೆಗೆ 1,200 ಲೀಟರ್ ಅಂತ ಹಿಡಿಯಿರಿ. ಮೊದಲ 8 ಗಂಟೆಯಲ್ಲಿ ಆಳದ ತುದಿಯಲ್ಲಿ 60 ಸೆಂಟಿಮೀಟರ್ ನೀರು ನಿಂತಿರುತ್ತದೆ. 170ರಲ್ಲಿ 60 ಆಯಿತು, ಮೂರನೇ ಒಂದು ಭಾಗ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಆದರೆ ಅಷ್ಟು ಹೊತ್ತು ನೀರು ಇಳಿಜಾರಿನ ಸಣ್ಣ ಜಾಗವನ್ನಷ್ಟೇ ತುಂಬುತ್ತಿತ್ತು. ಒಳಗೆ ಬಿದ್ದಿರುವುದು 9,600 ಲೀಟರ್, ಅಂದರೆ ಐದನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಇಡೀ ತಳ ಮುಚ್ಚಿದ ಮೇಲೆ ಗಂಟೆಗೆ 3.75 ಸೆಂಟಿಮೀಟರ್ ಮಾತ್ರ ಏರುತ್ತದೆ. ನೀರು ನಿಧಾನ ಆಯಿತು, ಎಲ್ಲೋ ಸೋರುತ್ತಿದೆ ಅಂತ ಗಾಬರಿಯಾಗಬೇಡಿ. ಅಲ್ಲಿಂದ ಮುಂದೆ ಇನ್ನೂ 29 ಗಂಟೆ ಇದೆ.

ಪೈಪಿನ ತುದಿ ಯಾವ ಹೊತ್ತಿನಲ್ಲೂ ನೀರಿನಲ್ಲಿ ಮುಳುಗಿರಬಾರದು. ಲೈನಿನಲ್ಲಿ ಪ್ರೆಶರ್ ಬಿದ್ದರೆ ಕೊಳದ ನೀರನ್ನು ಅದು ಹಿಂದಕ್ಕೆ ಎಳೆದುಕೊಂಡು, ಕುಡಿಯುವ ನೀರಿಗೆ ಸೇರಿಸಬಹುದು. ಕೊಳದ ಅಂಚಿಗೆ ಗಟ್ಟಿಯಾಗಿ ಕಟ್ಟಿ, ತುದಿ ನೀರಿನ ಗೆರೆಗಿಂತ ಮೇಲೆ ಇರುವಂತೆ ಬಿಡಿ.

ಗೆರೆ ಮುಟ್ಟಲು 10 ಸೆಂಟಿಮೀಟರ್ ಬಾಕಿ ಇದೆ ಅಂದಾಗ, ಗಂಟೆಗೆ 1,200 ಲೀಟರ್ ಬರುತ್ತಿದ್ದರೆ, ಇನ್ನು 2 ಗಂಟೆ 40 ನಿಮಿಷ ಇರುತ್ತದೆ. ಎರಡು ಗಂಟೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟು, ಉಳಿದದ್ದನ್ನು ಪಕ್ಕದಲ್ಲೇ ನಿಂತು ತುಂಬಿಸಿ.